ನಾಲ್ಕು ತಿಂಗಳು ಚಿಕ್ಕವಳಾದ ಅಕ್ಕ

ಲಾವೋಸಿನ ಹಳ್ಳಿ

ಮೊದಲ ತಪ್ಪು ನನ್ನದು. ಅದನ್ನು ಇಲ್ಲೇ ಬರೆದುಬಿಡುತ್ತೇನೆ. ಬಿಟ್ಟರೆ ಇನ್ನೆರಡು ಸಲ ಹೇಳುವಷ್ಟರಲ್ಲಿ ಅದು ಬೇರೆ ಯಾರದೋ ತಪ್ಪಾಗಿರುತ್ತದೆ. ನನ್ನ ನೆನಪಿಗೆ ಆ ಚಾಳಿ ಇದೆ. ಚಳ್ಳಕೆರೆಯ ಮನೆಯಲ್ಲಿ ಕೂತು ನಮ್ಮಿಬ್ಬರ ವಿಯೆಟ್ನಾಂ ಇ-ವೀಸಾ ಅರ್ಜಿ ತುಂಬುವಾಗ, ಯಾವ ಜಾಗದಿಂದ ದೇಶದೊಳಕ್ಕೆ ಬರುತ್ತೀರಿ ಎಂಬ ಪ್ರಶ್ನೆಗೆ ನಾನು ದಾ ನಾಂಗ್ ವಿಮಾನ ನಿಲ್ದಾಣ ಎಂದು ಒತ್ತಿದ್ದೆ. ನಾವು ಹೋಗಬೇಕಾಗಿದ್ದದ್ದು ಲಾವೋಸಿನಿಂದ, ಬಸ್ಸಿನಲ್ಲಿ, ಬೆಟ್ಟದ ಗಡಿ ದಾಟಿ. ಅರ್ಜಿಯಲ್ಲಿ ಬರೆದ ಜಾಗ ಬಿಟ್ಟು ಬೇರೆಲ್ಲೂ ಆ ವೀಸಾ ನಡೆಯುವುದಿಲ್ಲ. ವಾಪಸ್ ಬರುವ ವಿಮಾನ ದಾ ನಾಂಗ್‌ನಿಂದ ಇತ್ತು. ಆ ಹೆಸರೇ ತಲೆಯಲ್ಲಿ ಕೂತುಬಿಟ್ಟಿತ್ತು. ಲಾವೋಸಿಗೆ ಬಂದು ಎಂಟನೇ ದಿನ ಆ ಹಾಳೆಯನ್ನು ಸುಮ್ಮನೆ ಓದುತ್ತ ಕೂತಿದ್ದಾಗ ನನಗೆ ಅದು ಕಾಣಿಸಿತು.

ನಾವು ಎಂದರೆ ನಾನು ಮತ್ತು ನನ್ನ ಅಕ್ಕ ಓಬಮ್ಮ. ನಾನು ಚಳ್ಳಕೆರೆಯ ಒಂದು ಕಾಲೇಜಿನಲ್ಲಿ ಇತಿಹಾಸ ಪಾಠ ಮಾಡುತ್ತೇನೆ. ಅಕ್ಕ ನನ್ನಿವಾಳದ ನಮ್ಮ ಕುರಿಯವರ ಮನೆಯಿಂದ ಮೊಳಕಾಲ್ಮೂರಿಗೆ ಮದುವೆಯಾಗಿ ಹೋಗಿ, ಅತ್ತೆಯ ಪಕ್ಕ ಕೂತು ಮಗ್ಗ ಕಲಿತವಳು. ಇಪ್ಪತ್ತೈದು ವರ್ಷದಿಂದ ರೇಷ್ಮೆ ಸೀರೆ ನೇಯುತ್ತಿದ್ದಾಳೆ. ನೂಲು ಮಾಲೀಕರದು, ಬಣ್ಣ ಮಾಲೀಕರು ಹೇಳಿದ್ದು, ಅಂಚಿನ ಚಿತ್ರವೂ ಅವರು ಕೊಟ್ಟದ್ದೇ. ಸವನ್ನಾಖೇತ್ ಪಟ್ಟಣದಿಂದ ಒಂದು ಗಂಟೆ ದೂರದ ಹಳ್ಳಿಯಲ್ಲಿ ಮೂರು ದೇಶಗಳ ನೇಕಾರ ಹೆಂಗಸರ ಶಿಬಿರವಿತ್ತು. ಅಕ್ಕನಿಗೆ ಕರೆ ಬಂತು. ಇಂಗ್ಲಿಷ್ ಬಲ್ಲವನೊಬ್ಬ ಜೊತೆಗಿರಲಿ ಎಂದು ನಾನು ಹೊರಟೆ. ಹಾಗೆಂದು ನಾನು ಎಲ್ಲರಿಗೂ ಹೇಳಿದೆ. ನಿಜವಾಗಿ ನನಗೂ ಒಮ್ಮೆ ಪಾಸ್‌ಪೋರ್ಟಿಗೆ ಸೀಲು ಬೀಳಬೇಕೆಂಬ ಆಸೆ ಇತ್ತು.

ಆ ಹಳ್ಳಿಯಲ್ಲಿ ನಾನು ಯಾರಿಗೂ ಬೇಕಾಗಲಿಲ್ಲ. ಮನೆಗಳು ಕಂಬದ ಮೇಲೆ, ಮಗ್ಗಗಳು ಮನೆಯ ಕೆಳಗೆ ನೆರಳಲ್ಲಿ. ಕೋಳಿಗಳು ಹಾಸಿನ, ಅಂದರೆ ಮಗ್ಗದ ಉದ್ದಕ್ಕೂ ಎಳೆದು ಕಟ್ಟಿದ ನೂಲಿನ ಕೆಳಗೇ ಓಡಾಡುತ್ತಿದ್ದವು. ಊಟಕ್ಕೆ ಬಿದಿರಿನ ಪುಟ್ಟ ಬುಟ್ಟಿಯಲ್ಲಿ ಅಂಟು ಅನ್ನ ಬರುತ್ತಿತ್ತು. ಅವರು ಅದನ್ನು ಬೆರಳಲ್ಲಿ ಮುರಿದು, ಉಂಡೆ ಮಾಡಿ, ಖಾರಕ್ಕೆ ಅದ್ದುವುದನ್ನು ನೋಡಿ ಅಕ್ಕನಿಗೆ ತವರಿಗೆ ಬಂದಷ್ಟು ಖುಷಿ. "ಇದು ಬಿಳೀ ಮುದ್ದೆ ಕಣಲೇ" ಎಂದು ಒಂದು ಉಂಡೆ ಅಗಿಯದೆ ನುಂಗಿದಳು. ಅದು ಗಂಟಲಲ್ಲಿ ನಿಂತಿತು. ನಾಲ್ಕು ಜನ ಹೆಂಗಸರು ಅವಳ ಬೆನ್ನು ಗುದ್ದಿದರು. ಆಮೇಲೆ ಪ್ರತಿ ಊಟಕ್ಕೂ ಯಾರಾದರೊಬ್ಬರು ಅವಳ ಮುಂದೆ ಕೂತು ದವಡೆ ಆಡಿಸಿ, ಅಗಿ ಅಗಿ ಎಂದು ತೋರಿಸುತ್ತಿದ್ದರು.

ಏನಾದರೂ ಕೆಟ್ಟರೆ ಅವರು 'ಬೊ ಪೆನ್ ಞಾಂಗ್' ಎನ್ನುತ್ತಾರೆ. ಏನೂ ಆಗಲ್ಲ ಬಿಡು ಎಂದು ಅರ್ಥ. ಮೊಳಕಾಲ್ಮೂರಿನಲ್ಲಿ ಎಳೆ ಹರಿದರೆ ಅಕ್ಕ ತೆಲುಗಿನಲ್ಲಿ 'ಏಂ ಕಾದು' ಎನ್ನುತ್ತಾಳೆ, ಅದೇ ಅರ್ಥ, ಹೆಚ್ಚುಕಡಿಮೆ ಅದೇ ರಾಗ. ಮೂರನೇ ದಿನಕ್ಕೆ ಲಾವೋ ಹೆಂಗಸರು ಏಂ ಕಾದು ಎನ್ನುತ್ತಿದ್ದರು, ಅಕ್ಕ ಬೊ ಪೆನ್ ಞಾಂಗ್ ಎನ್ನುತ್ತಿದ್ದಳು.

ವಿಯೆಟ್ನಾಮಿನಿಂದ ಬಂದವಳು ಲಾನ್. ತನ್ನ ಮಗ್ಗವನ್ನು ವ್ಯಾನಿನಲ್ಲಿ ಹಾಕಿಕೊಂಡೇ ಬಂದಿದ್ದಳು. ಅಕ್ಕನನ್ನು ಕಂಡ ತಕ್ಷಣ ಅವಳು ಫೋನಿನಲ್ಲಿ ಅನುವಾದ ಮಾಡಿಸಿ ಕೇಳಿದ ಮೊದಲ ಪ್ರಶ್ನೆ ವಯಸ್ಸು. ನನಗೆ ಕಸಿವಿಸಿಯಾಯಿತು. ಅವರ ಭಾಷೆಯಲ್ಲಿ ಎದುರಿಗಿರುವವರು ಅಕ್ಕನೋ ತಂಗಿಯೋ ಅಣ್ಣನೋ ತಮ್ಮನೋ ಎಂದು ಗೊತ್ತಾಗದೆ ಮಾತು ಶುರುವಾಗುವುದೇ ಕಷ್ಟವಂತೆ. ಅಕ್ಕನಿಗೆ ಇದರಲ್ಲಿ ವಿಶೇಷವೇನೂ ಕಾಣಲಿಲ್ಲ. "ಕೇಳ್ದೆ ಹೆಂಗೆ ಕರೀತಾರೆ ಮತ್ತೆ?" ಎಂದಳು. ಲೆಕ್ಕ ಹಾಕಿದಾಗ ಅಕ್ಕನೇ ಹಿರಿಯಳು. ಅಂದಿನಿಂದ ಲಾನ್ ಅವಳನ್ನು 'ಚಿ' ಎನ್ನತೊಡಗಿದಳು, ಅಂದರೆ ಅಕ್ಕ. ಅಕ್ಕನ ತಮ್ಮನಾದ್ದರಿಂದ ನಾನು 'ಎಮ್', ಚಿಕ್ಕವನು.

ಇಬ್ಬರೂ ಸೇರಿ ಒಂದು ಬಟ್ಟೆ ಹೂಡಿದರು. ಮೊಳಕಾಲ್ಮೂರಿನ ದೊಡ್ಡ ಅಂಚಿನ ಸೀರೆಯಲ್ಲಿ ಒಡಲಿಗೆ ಒಂದು ಲಾಳಿ, ಎರಡು ಅಂಚಿಗೆ ಒಂದೊಂದು, ಒಟ್ಟು ಮೂರು. ಒಬ್ಬರ ಕೈಗೆ ಅದು ನಿಲುಕುವುದಿಲ್ಲ. ನೇಯುವವಳ ಪಕ್ಕ ಇನ್ನೊಬ್ಬರು ಕೂತು ಲಾಳಿ ಕೊಟ್ಟು ತಗೊಂಡು ಮಾಡಬೇಕು. ಲಾನ್ ಪಕ್ಕದಲ್ಲಿ ಕೂತಳು. ನೂಲು ಅವಳದು, ಅಂಚು ಅಕ್ಕನದು. ಯಾವ ಚಿತ್ರ ಹಾಕುತ್ತೀಯೆಂದು ನಾನು ಕೇಳಿದ್ದಕ್ಕೆ ಅಕ್ಕ, "ನೋಡ್ತಾ ಇರು. ಇದು ಯಾರೂ ಹೇಳಿದ್ದಲ್ಲ. ನಂದೇ" ಎಂದಳು. ಇಪ್ಪತ್ತೈದು ವರ್ಷದಲ್ಲಿ ಅವಳ ಬಾಯಲ್ಲಿ ಬಟ್ಟೆಯ ಬಗ್ಗೆ 'ನಂದು' ಎಂಬ ಮಾತು ನಾನು ಕೇಳಿರಲಿಲ್ಲ. ಇದು ಆ ದಿನದ ಡೈರಿಯಲ್ಲಿ ಇದೆ, ಹಾಗಾಗಿ ನಂಬಬಹುದು.

ಅರ್ಧ ಬಟ್ಟೆ ಆಗುವಷ್ಟರಲ್ಲಿ ಲಾನ್‌ಗೆ ಊರಿಂದ ಫೋನು ಬಂತು. ಅವಳ ಮಾವನಿಗೆ ಹುಷಾರಿರಲಿಲ್ಲ. ಮಗ್ಗವನ್ನು ಅರ್ಧ ಬಟ್ಟೆಯ ಸಮೇತ ವ್ಯಾನಿಗೆ ಏರಿಸಿ ಹೊರಟಳು. ಹೋಗುವಾಗ ಫೋನಿನಲ್ಲಿ ಬರೆದು ತೋರಿಸಿದಳು: ನೀನು ಹೇಗೂ ನಮ್ಮ ಕಡೆಯಿಂದ ಹೋಗುವವಳು. ಬಾ, ಮುಗಿಸೋಣ. ಮುಂದಿನ ಭಾನುವಾರದವರೆಗೆ ಮಗ್ಗಕ್ಕೆ ಬೇರೆ ಹಾಸು ಏರಿಸುವುದಿಲ್ಲ.

"ಮಗ್ಗದ ಮ್ಯಾಲೆ ಅರ್ಧಕ್ಕೆ ಬಿಟ್ಟು ಎದ್ದು ಬಂದಿಲ್ಲ ನಾನು, ಬಾಣಂತಿ ಇದ್ದಾಗ್ಲೂ" ಎಂದಳು ಅಕ್ಕ, ವ್ಯಾನು ಹೋದ ದಾರಿ ನೋಡುತ್ತ. ಅವಳ ಅತ್ತೆಯ ಮನೆಯಲ್ಲಿ ಒಂದು ಪದ್ಧತಿ ಇದೆ. ಬಟ್ಟೆ ಮುಗಿದಾಗ ನೇಯ್ದವಳು ತಾನೇ ಕೊಯ್ಯುವುದಿಲ್ಲ. ಮನೆಯಲ್ಲಿ ಎಲ್ಲರಿಗಿಂತ ಚಿಕ್ಕವರ ಕೈಗೆ ಕತ್ತರಿ ಕೊಡುತ್ತಾರೆ. ಲಾನ್ ಮನೆಯಲ್ಲಿ ಚಿಕ್ಕವರು ಯಾರಿದ್ದಾರೋ ಎಂದು ಅಕ್ಕ ಆಗಲೇ ಯೋಚನೆ ಮಾಡುತ್ತಿದ್ದಳು. ನಾನು ನಮ್ಮಿಬ್ಬರ ಇ-ವೀಸಾ ಹಾಳೆಗಳನ್ನು ಜೇಬಿನಲ್ಲಿ ಮಡಚಿ ಇಟ್ಟುಕೊಂಡು, ಅವಳಿಗೆ ಹೇಗೆ ಹೇಳುವುದೆಂದು ಯೋಚನೆ ಮಾಡುತ್ತಿದ್ದೆ.

ಸವನ್ನಾಖೇತ್, ಸೋಮವಾರ

ಸವನ್ನಾಖೇತ್ ಮೆಕಾಂಗ್ ನದಿಯ ದಂಡೆಯ ಊರು. ನದಿಯ ಆಚೆ ದಡ ಥಾಯ್ಲೆಂಡ್. ಬಿಸಿಲು ಥೇಟ್ ನಮ್ಮದೇ, ಆದರೆ ಇಲ್ಲಿ ಅದರ ಪಕ್ಕದಲ್ಲೇ ಇಷ್ಟೊಂದು ನೀರು ಹರಿಯುತ್ತಿರುತ್ತದೆ. ಅಕ್ಕ ದಂಡೆಯ ಮೇಲೆ ಬಹಳ ಹೊತ್ತು ನಿಂತು, "ಯಾರೂ ತಿರುಗಿ ನೋಡಲ್ವಲ್ಲಲೇ ಇದನ್ನ" ಎಂದಳು. ನಿಜ. ಜನ ನದಿಗೆ ಬೆನ್ನು ಹಾಕಿ ಕಾಫಿ ಕುಡಿಯುತ್ತಿದ್ದರು.

ಹೊಸದಾಗಿ ಇ-ವೀಸಾಕ್ಕೆ ಹಾಕಿದರೆ ಭಾನುವಾರದೊಳಗೆ ಬರುವ ನಂಬಿಕೆ ಇರಲಿಲ್ಲ. ಇಲ್ಲಿನ ವಿಯೆಟ್ನಾಂ ಕಾನ್ಸುಲೇಟಿನಲ್ಲಿ ಬೇಗ ಆಗುತ್ತದೆಂದು ಶಿಬಿರದವರು ಹೇಳಿದ್ದರು. ಬೆಳಿಗ್ಗೆ ಹೋದೆವು. ಹಳದಿ ಗೋಡೆ, ಅಂಗಳದಲ್ಲಿ ಮರ, ಒಳಗೆ ಒಂದು ಕಿಟಕಿ. ಕಿಟಕಿಯ ಆಚೆ ಕನ್ನಡಕ ಹಾಕಿದ ಒಬ್ಬ ಹೆಂಗಸು. ಮೆಲ್ಲಗೆ, ಬಿಡಿಸಿ ಬಿಡಿಸಿ ಇಂಗ್ಲಿಷ್ ಮಾತಾಡುತ್ತಿದ್ದರು.

ಅರ್ಜಿ ತುಂಬುವುದರಲ್ಲಿ ನಾನು ಪಳಗಿದವನು ಎಂಬ ಜಂಬ ನನಗಿದೆ. ಖಾಲಿ ಗೆರೆ ಕಂಡರೆ ಬಿಡುವವನಲ್ಲ. ಜೊತೆಗೆ ಯಾರು ಪ್ರಯಾಣಿಸುತ್ತಿದ್ದಾರೆ ಎಂಬಲ್ಲಿ, ಇದ್ದರೆ ಮಾತ್ರ ಬರೆಯಿರಿ ಎಂದಿದ್ದರೂ, ನನ್ನ ಅರ್ಜಿಯಲ್ಲಿ 'ಒಡಹುಟ್ಟಿದ ಅಕ್ಕ' ಎಂದೂ ಅವಳ ಅರ್ಜಿಯಲ್ಲಿ 'ಒಡಹುಟ್ಟಿದ ತಮ್ಮ' ಎಂದೂ ಬರೆದೆ. ಒಡಹುಟ್ಟಿದ ಎಂಬುದಕ್ಕೆ ಇಂಗ್ಲಿಷಿನಲ್ಲಿ ಒಂದೇ ತಂದೆ, ಒಂದೇ ತಾಯಿ ಎಂದು ಬಿಡಿಸಿ ಬೇರೆ ಬರೆದೆ.

ಆ ಹೆಂಗಸು ನಮ್ಮಿಬ್ಬರ ಪಾಸ್‌ಪೋರ್ಟುಗಳನ್ನು ಅಕ್ಕಪಕ್ಕ ಇಟ್ಟುಕೊಂಡರು. ಕೊನೆಯ ಪುಟ ನೋಡಿದರು. ಅಪ್ಪನ ಹೆಸರು ಒಂದೇ, ಅವ್ವನ ಹೆಸರು ಒಂದೇ. ಆಮೇಲೆ ಮೊದಲ ಪುಟ ನೋಡಿದರು. ನನ್ನ ಹುಟ್ಟಿದ ದಿನ ಜೂನ್ ಒಂದು. ಅಕ್ಕನದು ಅದೇ ವರ್ಷದ ಅಕ್ಟೋಬರ್ ಒಂದು. ಬೆರಳು ಮಡಚಿ ಎಣಿಸಿದರು. ಆಮೇಲೆ ಕನ್ನಡಕ ತೆಗೆದು ನನ್ನನ್ನು ನೋಡಿ ಕೇಳಿದರು, "ಸರ್, ನಿಮ್ಮ ಅಕ್ಕ ನಿಮಗಿಂತ ನಾಲ್ಕು ತಿಂಗಳು ಚಿಕ್ಕವರೇ?"

ನಾನು ಹೌದು ಎಂದೆ. ಆಮೇಲೆ ಇಲ್ಲ ಎಂದೆ.

"ತಾಯಿ ಒಬ್ಬರೇ?"

"ಒಬ್ಬರೇ."

ಅವರು ಕಠಿಣವಾಗಿ ಏನೂ ಹೇಳಲಿಲ್ಲ. ಬರೆದಿರುವುದು ಒಂದಕ್ಕೊಂದು ಕೂಡುತ್ತಿಲ್ಲ, ವಿವರಣೆ ತನ್ನಿ, ಬುಧವಾರ ನೋಡೋಣ ಎಂದು ಎಲ್ಲ ಹಾಳೆ ವಾಪಸ್ ಕೊಟ್ಟರು. ಅವರ ಜಾಗದಲ್ಲಿ ನಾನಿದ್ದರೂ ಅದನ್ನೇ ಹೇಳುತ್ತಿದ್ದೆ.

ಅಂಗಳಕ್ಕೆ ಬಂದು ಅಕ್ಕನಿಗೆ ವಿಷಯ ತಿಳಿಸಿದೆ. ಅವಳು ಮರದ ಕೆಳಗೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. "ನಾಕು ತಿಂಗ್ಳಿಗೆ ಇನ್ನೊಂದು ಹಡೆದ್ಲಾ ಅವ್ವ? ಕುರಿಗೂ ಆಗಲ್ಲಲೇ ಅದು!" ನಗು ನಿಂತ ಮೇಲೆ ಕೇಳಿದಳು, "ಅಂದ್ರೆ ಲಾನ್ ಮನೆಗೆ ಹೋಗಂಗಿಲ್ವಾ?"

ಎದುರಿನ ಅಂಗಡಿ

ಚಳ್ಳಕೆರೆಯ ತಾಲ್ಲೂಕು ಕಚೇರಿಯ ಎದುರು ಅರ್ಜಿ ಬರೆದುಕೊಡುವವರು, ಜೆರಾಕ್ಸ್ ಅಂಗಡಿಯವರು ಸಾಲಾಗಿ ಇರುವಂತೆ ಇಲ್ಲಿಯೂ ಒಂದು ಅಂಗಡಿ ಇತ್ತು. ಫೋಟೋ, ಜೆರಾಕ್ಸ್, ಬಸ್ ಟಿಕೆಟ್ಟು, ತಣ್ಣನೆಯ ಕಬ್ಬಿನ ಹಾಲು, ಎಲ್ಲ ಒಂದೇ ಮೇಜಿನ ಮೇಲೆ. ಅಂಗಡಿಯಾತ ನಮ್ಮ ಹಾಳೆಗಳನ್ನು ನೋಡಿದ. ಅವನಿಗೆ ಇದು ಸಮಸ್ಯೆಯೇ ಅಲ್ಲ. "ಬೊ ಪೆನ್ ಞಾಂಗ್" ಎಂದು ಎರಡು ಬೆರಳು ಎತ್ತಿದ. ಅಪ್ಪ ಒಬ್ಬ, ಅಮ್ಮ ಇಬ್ಬರು ಎಂದು ವಿವರಣೆ ಬರೆದುಬಿಡಿ. ಬಹಳ ಮನೆಗಳಲ್ಲಿ ಹಾಗಿರುತ್ತದೆ. ಪಾಸ್‌ಪೋರ್ಟಿನಲ್ಲಿ ಒಬ್ಬರ ಹೆಸರು ತಪ್ಪಾಗಿ ಬಿದ್ದಿದೆ ಎನ್ನಿ.

ನಾನು ಪೆನ್ನು ತೆಗೆದೆನೇ? ಡೈರಿಯಲ್ಲಿ 'ಒಪ್ಪಲಿಲ್ಲ' ಎಂದಷ್ಟೇ ಬರೆದುಕೊಂಡಿದ್ದೇನೆ. ಅಕ್ಕ ಹೇಳುವ ಪ್ರಕಾರ ನಾನು ಪೆನ್ನಿನ ಮುಚ್ಚಳ ತೆಗೆದಿದ್ದೆ. ಅಕ್ಕನ ಮಾತೇ ನಿಜವಿರಬೇಕು.

"ಏನು ಬರೀತೀಯ?" ಎಂದು ಕೇಳಿದಳು. ಹೇಳಿದೆ.

"ಯಾರು ಬ್ಯಾರೆ ತಾಯಿ ಮಕ್ಳು? ನೀನಾ, ನಾನಾ?"

"ಬರೀ ಕಾಗದದಾಗೆ ಅಕ್ಕ. ಇಲ್ಲಿ ಕೊಟ್ಟು ಮರೆಯೋದು."

"ಕಾಗದದಾಗೆ ಬರ್ದಿದ್ದಕ್ಕೇ ಅಲ್ವೇನಲೇ ಇವತ್ತು ಇಲ್ಲಿ ಕುಂತಿರೋದು?" ಎಂದಳು. "ಅವ್ವನ್ನ ಎರಡು ಮಾಡಿ ನನಗೆ ವೀಸಾ ಬ್ಯಾಡ. ಬಟ್ಟೆ ಅರ್ಧಕ್ಕೇ ನಿಲ್ಲಲಿ."

ಅವಳು ಹಾಗೆ ಹೇಳಿದಾಗ ದನಿ ಏರಿಸಿರಲಿಲ್ಲ. ಅಂಗಡಿಯಾತ ನಮ್ಮಿಬ್ಬರ ಮುಖ ನೋಡಿ, ಎರಡು ಲೋಟ ಕಬ್ಬಿನ ಹಾಲು ತಂದಿಟ್ಟ.

ನನ್ನಿವಾಳಕ್ಕೆ ಫೋನು

ವಿವರಣೆ ಬರೆಯಬೇಕಾದರೆ ನನಗೆ ಸತ್ಯ ಗೊತ್ತಿರಬೇಕಲ್ಲ. ಮಂಗಳವಾರ ಬೆಳಿಗ್ಗೆ ಅವ್ವನಿಗೆ ಫೋನು ಮಾಡಿದೆ. ಅವ್ವ ಸೊಸೆಯ ಜೊತೆ ಕೂತು ಶೇಂಗಾ ಬಿಡಿಸುತ್ತಿದ್ದಳು. ಸಿಪ್ಪೆ ಒಡೆಯುವ ಸದ್ದು ಮೆಕಾಂಗ್ ದಂಡೆಯವರೆಗೆ ಕೇಳಿಸುತ್ತಿತ್ತು.

"ನೀನಾ? ನೀನು ಹುಟ್ಟಿದ್ದು ಶೇಂಗಾ ಕೀಳೋ ಟೈಮು. ಅಲ್ಲ, ಅದು ಓಬಿ. ನೀನು ಹುಟ್ದಾಗ ನಿಮ್ಮಪ್ಪ ಊರಾಗೇ ಇರ್ಲಿಲ್ಲ, ಕುರಿ ಹೊಡ್ಕೊಂಡು ಕುದಾಪುರದ ಕಾವಲಿಗೆ ಮೇಸಾಕೆ ಹೋಗಿದ್ರು. ಈಗ ಸರ್ಕಾರದೋರು ಕಾಂಪೌಂಡ್ ಹಾಕ್ಯಾರಲ್ಲ, ಆ ಕಡೆ."

"ನಮ್ಮಿಬ್ಬರ ನಡುವೆ ಎಷ್ಟು ವರ್ಷ ಅವ್ವ?"

"ಎರಡಿರಬೇಕು."

ಪಕ್ಕದಿಂದ ಅಕ್ಕ ಕೂಗಿದಳು, "ನಾಕು! ನಾನು ಇವನ್ನ ಎತ್ಕೊಂಡು ತಿರುಗ್ತಿದ್ದೆ. ಎರಡು ವರ್ಷದೋಳು ಎತ್ತಾಕೆ ಆಗ್ತದಾ?"

"ಹಂಗಾರೆ ಮೂರು ಅನ್ನು" ಎಂದಳು ಅವ್ವ, ಸಂತೆಯಲ್ಲಿ ಚೌಕಾಸಿ ಮುಗಿಸುವವಳ ಹಾಗೆ.

ಸ್ಕೂಲಿನ ದಿನಾಂಕಗಳ ಕಥೆ ಮಾತ್ರ ಅವ್ವನಿಗೆ ಸ್ಪಷ್ಟವಾಗಿ ನೆನಪಿತ್ತು. ನನ್ನನ್ನು ಸೇರಿಸಲು ಹೋದ ದಿನ ನಾನು ಬಾಗಿಲಲ್ಲೇ ಕೂತು ಅತ್ತೆನಂತೆ. ಅಕ್ಕ ಒಳಗೆ ಬಂದರೆ ಬರುತ್ತೇನೆ ಎಂದೆನಂತೆ. ಅಕ್ಕನನ್ನು ಸ್ಕೂಲಿಗೆ ಹಾಕಿರಲಿಲ್ಲ. ಮರಿಗಳ ಜೊತೆ ಅವಳಿಗೆ ಮನೆಯಲ್ಲೇ ಕೆಲಸವಿತ್ತು. ಮೇಷ್ಟ್ರು, ಇಬ್ಬರನ್ನೂ ಹಾಕಿ ಬಿಡ್ರಿ ಎಂದು ಒಂದೇ ದಿನ, ಒಂದೇ ಪುಸ್ತಕದಲ್ಲಿ ಬರೆದುಕೊಂಡರು. ನನಗೆ ಜೂನ್ ಒಂದು ಹಾಕಿದರು. ಊರಿನ ಅರ್ಧ ಮಕ್ಕಳಿಗೆ ಅದೇ ದಿನ. ಅಕ್ಕನಿಗೂ ಅದನ್ನೇ ಬರೆಯಲು ಹೋಗಿ, ಒಂದೇ ಮನೆಯ ಇಬ್ಬರಿಗೆ ಒಂದೇ ದಿನ ಬರೆದರೆ ಮೇಲಿನವರು ಕೇಳುತ್ತಾರೆ ಎಂದು ನಾಲ್ಕು ತಿಂಗಳು ಮುಂದೆ ಹಾಕಿದರಂತೆ. ಒಳ್ಳೆಯದಾಗಲಿ ಎಂದೇ ಮಾಡಿದ್ದು. ಸುಮ್ಮನೆ ಒಂದೇ ದಿನ ಬರೆದಿದ್ದರೆ ನಾವು ಅವಳಿ ಮಕ್ಕಳಾಗಿ ಇಷ್ಟು ಹೊತ್ತಿಗೆ ಗಡಿ ದಾಟಿರುತ್ತಿದ್ದೆವು.

ನನಗೆ ಆ ದಿನದ ನೆನಪು ಬೇರೆಯೇ ಇದೆ. ನಾನು ಒಬ್ಬನೇ ಧೈರ್ಯವಾಗಿ ಒಳಗೆ ಹೋದೆ, ಅಕ್ಕ ಕಿಟಕಿಯ ಹೊರಗೆ ನಿಂತಿದ್ದಳು, ಸರಳಿನ ನಡುವೆ ಅವಳ ಮುಖ ಕಾಣುತ್ತಿತ್ತು. ಇಷ್ಟು ವರ್ಷ ಅದನ್ನು ನಂಬಿದ್ದೆ. ತರಗತಿಯಲ್ಲಿ ಮಕ್ಕಳಿಗೆ ಉದಾಹರಣೆಯಾಗಿ ಹೇಳಿದ್ದೂ ಉಂಟು.

"ಕಿಟಕಿ ಎಲ್ಲಿತ್ತಲೇ ಆ ಇಸ್ಕೂಲಿಗೆ?" ಎಂದಳು ಅಕ್ಕ. "ನಿನ್ನ ಪಕ್ಕದಾಗೇ ಕುಂತಿದ್ದೆ ನಾನು. ನಾಕನೇ ಕ್ಲಾಸಿನ ತಂಕ."

"ನಾಕಕ್ಕೆ ಯಾಕೆ ಬಿಡಿಸಿದ್ರು?"

ಅವಳು ನದಿಯ ಕಡೆ ನೋಡಿದಳು. "ಆಗ ನೀನು ಒಬ್ನೇ ಹೋಗಾಕೆ ಕಲ್ತಿದ್ದೆ" ಎಂದಳು.

ಇದು ನನಗೆ ಮೊದಲೇ ಗೊತ್ತಿತ್ತೋ, ಅಂದು ಗೊತ್ತಾಯಿತೋ ಹೇಳಲಾರೆ. ಗೊತ್ತಿದ್ದೂ ಕೇಳಿಕೊಳ್ಳದೆ ಇದ್ದೆ ಎಂಬುದು ಹೆಚ್ಚು ಸರಿ. ಅವಳ ಪಾಸ್‌ಪೋರ್ಟಿನ ಆ ದಿನಾಂಕ ಹುಟ್ಟಿದ್ದು ನಾನು ಅತ್ತ ದಿನ.

ಮಧ್ಯಾಹ್ನವಿಡೀ ಕೂತು ವಿವರಣೆ ಬರೆದೆ. ನಮ್ಮ ಸೀಮೆಯಲ್ಲಿ ಹುಟ್ಟಿದ ದಿನ ಬರೆದಿಡುವ ರೂಢಿ ಇರಲಿಲ್ಲ ಎಂಬಲ್ಲಿಂದ ಶುರುಮಾಡಿ, ಸ್ಕೂಲಿನ ಪುಸ್ತಕ, ಮೇಷ್ಟ್ರ ಎಚ್ಚರಿಕೆ, ಅವ್ವನ ಮಾತು ಎಲ್ಲ ಸೇರಿ ಮೂರು ಪುಟ ಇಂಗ್ಲಿಷ್. 'ಮೂರು ವರ್ಷ ಹಿರಿಯಳು' ಎಂದು ಬರೆದೆ. ಅದು ಅವ್ವನ ಎರಡೂ ಅಲ್ಲ, ಅಕ್ಕನ ನಾಲ್ಕೂ ಅಲ್ಲ. ಅಡಿಯಲ್ಲಿ, 'ಮೇಲಿನದೆಲ್ಲ ನನಗೆ ತಿಳಿದಂತೆ ಸತ್ಯ' ಎಂದು ಸಹಿ ಹಾಕುವಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತ್ತು.

ಬುಧವಾರ, ಕಿಟಕಿ

ಕನ್ನಡಕದ ಹೆಂಗಸು ನನ್ನ ಮೂರು ಪುಟಗಳನ್ನು ಕೈಯಲ್ಲಿ ತೂಗಿದರು. ಮೊದಲ ಪುಟದ ಅರ್ಧ ಓದಿದರು. ಆಮೇಲೆ ಅಕ್ಕನ ಅರ್ಜಿ ತೆಗೆದು, ಜೊತೆಗಾರರ ಗೆರೆಯ ಮೇಲೆ ಬೆರಳಿಟ್ಟರು.

"ಇದನ್ನು ಬರೆಯಲೇಬೇಕೆಂದು ಇಲ್ಲ. ಅವರದು ಅವರ ಅರ್ಜಿ. ನಿಮ್ಮದು ನಿಮ್ಮದು."

ಹೊಸ ಹಾಳೆ ಕೊಟ್ಟರು. ನಾನು ಕೈ ಚಾಚಿದೆ. ಅವರು ತಲೆ ಅಲ್ಲಾಡಿಸಿ ಅಕ್ಕನತ್ತ ತೋರಿಸಿದರು. "ಅವರು ಬರಲಿ. ನೀವು ಅಲ್ಲಿ ಕೂತುಕೊಳ್ಳಿ, ದಯವಿಟ್ಟು."

ನಾನು ಬೆಂಚಿನ ಮೇಲೆ ಕೂತೆ. ಅಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ ಕಿಟಕಿಗೆ ಹೋದಳು. ಅವಳು ಹೆಸರನ್ನು ಇಂಗ್ಲಿಷಿನಲ್ಲಿ ಒಂದೊಂದೇ ಅಕ್ಷರವಾಗಿ ಬರೆಯಬಲ್ಲಳು, ಪಾಸ್‌ಪೋರ್ಟ್ ನೋಡಿಕೊಂಡು. ಹಾಗೇ ಬರೆದಳು. ಉಳಿದದ್ದಕ್ಕೆ ಇಬ್ಬರೂ ಅವರವರ ಫೋನು ಎತ್ತಿ ಮಾತಾಡಿಸಿದರು. ಫೋನಿನ ಕನ್ನಡ ನನಗೆ ಕೇಳಿಸುತ್ತಿತ್ತು.

"ನಿಮ್ಮ ಉದ್ಯೋಗ ಯಾವುದು?"

ಅಕ್ಕ ಫೋನಿಗೆ ಉತ್ತರ ಹೇಳಲಿಲ್ಲ. ಚೀಲದಿಂದ ಅಂಗೈ ಅಗಲದ ಅಂಚಿನ ತುಂಡೊಂದನ್ನು ತೆಗೆದು ಕಿಟಕಿಯ ಕೆಳಗಿನ ಸಂದಿಯಿಂದ ಒಳಗೆ ತಳ್ಳಿದಳು. ಅವರು ಅದನ್ನು ತಿರುಗಿಸಿ ಹಿಂಬದಿ ನೋಡಿದರು. ನೇಕಾರರು ಮಾತ್ರ ಹಿಂಬದಿ ನೋಡುತ್ತಾರೆ ಎಂದು ಅಕ್ಕ ಆಮೇಲೆ ನನಗೆ ಹೇಳಿದಳು. ಆಕೆಯ ಮನೆಯಲ್ಲಿ ಯಾರಾದರೂ ನೇಯುವವರಿದ್ದರೇನೋ.

"ವಿಯೆಟ್ನಾಮಿಗೆ ಯಾಕೆ ಹೋಗುತ್ತಿದ್ದೀರಿ?"

"ಅರ್ಧ ಬಟ್ಟೆ ಐತೆ. ಇನ್ನರ್ಧ ಮುಗಿಸ್ಬೇಕು."

ಫೋನು ಇದನ್ನು ಏನೆಂದು ಹೇಳಿತೋ, ಅವರು ಅಕ್ಕನ ಮೈಮೇಲಿನ ಸೀರೆಯನ್ನು ಒಮ್ಮೆ ಗಾಬರಿಯಿಂದ ನೋಡಿದರು. ಅಕ್ಕ ಎರಡೂ ಕೈಯಲ್ಲಿ ಗಾಳಿಯಲ್ಲಿ ಲಾಳಿ ಎಸೆದು ತೋರಿಸಿದಳು. ಆಗ ಅರ್ಥವಾಯಿತು.

"ಅಲ್ಲಿ ಕೂತಿರುವವರು ನಿಮಗಿಂತ ದೊಡ್ಡವರೇ, ಚಿಕ್ಕವರೇ?"

ಅದು ಅಧಿಕಾರಿಯ ಪ್ರಶ್ನೆಯೋ, ಅವರ ಕಡೆ ಮಾತಿಗೆ ಮುಂಚೆ ಎಲ್ಲರೂ ಕೇಳುವ ಪ್ರಶ್ನೆಯೋ ಇವತ್ತಿಗೂ ಗೊತ್ತಿಲ್ಲ. ಅಕ್ಕ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದಳು, ಫೋನನ್ನು ಬಾಯಿಗೆ ಹತ್ತಿರ ಹಿಡಿದಳು.

"ಅವನು ಹುಟ್ಟಿದ್ದು ನಾನು ನೋಡೀನಿ. ಮೊದ್ಲು ಎತ್ಕೊಂಡಿದ್ದು ಸೂಲಗಿತ್ತಿ ಅಜ್ಜಿ, ಆಮೇಲೆ ಅವ್ವ, ಆಮೇಲೆ ನಾನು. ಬೋ ಅಳ್ತಿದ್ದ."

ಕಿಟಕಿಯ ಆಚೆ ಆ ಹೆಂಗಸು ನಕ್ಕಿದ್ದನ್ನು ನಾನು ಮೊದಲ ಬಾರಿ ನೋಡಿದೆ. ಅಕ್ಕನ ಹಾಳೆಯ ಮೇಲೆ ಸೀಲು ಹಾಕಿ, ನಾಳೆ ಸಂಜೆ ಬನ್ನಿ ಎಂದರು.

ನನ್ನ ಸರದಿ ಬಂತು. ನನಗೂ ಹೊಸ ಅರ್ಜಿ ಕೊಡಿ, ಜೊತೆಗಾರರ ಗೆರೆ ಬಿಟ್ಟು ಬರೆಯುತ್ತೇನೆ ಎಂದೆ. ಅವರು ನಿಜವಾಗಿ ನೊಂದುಕೊಂಡವರಂತೆ ನನ್ನ ಮೂರು ಪುಟಗಳನ್ನು ತೋರಿಸಿದರು. ಅರ್ಜಿ ಬದಲಾಯಿಸಬಹುದು. ಆದರೆ ನೀವು ಸಹಿ ಹಾಕಿ ಪತ್ರ ಕೊಟ್ಟಿದ್ದೀರಿ, ಸ್ವೀಕರಿಸಿ ನಂಬರು ಹಾಕಿಯಾಗಿದೆ. ಕೊಟ್ಟ ಪತ್ರವನ್ನು ಮೇಲಿನವರು ಓದಬೇಕು. ಓದಬೇಕಾದರೆ ಅನುವಾದವಾಗಬೇಕು. "ಒಂದು ಪುಟ ಆಗಿದ್ದರೆ ನಾಳೆಯೇ" ಎಂದರು. "ಮೂರು ಪುಟ ಸರ್. ಸೋಮವಾರ."

ಬಸ್ ನಿಲ್ದಾಣ

ಶುಕ್ರವಾರ ಬೆಳಿಗ್ಗೆ ಅಕ್ಕ ಒಬ್ಬಳೇ ಹೊರಟಳು. ನಾನು ಬೇಡ ಎಂದು ಹೇಳಿದ್ದೆ, ಒಟ್ಟು ಮೂರು ಸಲ. ಭಾನುವಾರದ ನಂತರ ಲಾನ್‌ಳ ಮಗ್ಗದ ಮೇಲೆ ಬೇರೆ ಹಾಸು ಏರುತ್ತದೆ ಎಂದು ಅಕ್ಕ ಒಂದೇ ಸಲ ಹೇಳಿದಳು.

ಬಸ್ಸಿನ ಮೇಲೆ ಈರುಳ್ಳಿ ಮೂಟೆ, ಎರಡು ಬೈಕು, ಪ್ಲಾಸ್ಟಿಕ್ ಕುರ್ಚಿಗಳ ಕಟ್ಟು. ಚಳ್ಳಕೆರೆ ಸಂತೆಯ ದಿನದ ಬಸ್ಸಿಗೂ ಇದಕ್ಕೂ ಇರುವ ವ್ಯತ್ಯಾಸ, ಇಲ್ಲಿ ಹತ್ತುವಾಗ ಎಲ್ಲರಿಗೂ ಒಂದೊಂದು ಕವರು ಕೊಟ್ಟು ಚಪ್ಪಲಿ ಬಿಚ್ಚಿಸುತ್ತಾರೆ. ಅಕ್ಕ ಚಪ್ಪಲಿಯನ್ನು ಕವರಿನಲ್ಲಿ ಹಾಕಿಕೊಂಡು ಕಿಟಕಿ ಪಕ್ಕ ಕೂತಳು. ನಾನು ಕೆಳಗೆ ನಿಂತು ಹೇಳುತ್ತಲೇ ಇದ್ದೆ. ಗಡಿಯಲ್ಲಿ ಇಳಿಯಬೇಕು, ಮೊದಲು ಈ ದೇಶದ ಸೀಲು, ಆಮೇಲೆ ನಡೆದು ಹೋಗಿ ಆ ದೇಶದ ಸೀಲು, ಬಸ್ಸು ಆಚೆ ಕಡೆ ನಿಂತಿರುತ್ತದೆ, ಬಸ್ಸಿನ ಬಣ್ಣ ನೆನಪಿಟ್ಟುಕೋ, ಪಾಸ್‌ಪೋರ್ಟನ್ನು ಯಾರ ಕೈಗೂ...

"ಲೇ ತಿಪ್ಪೇಸಿ" ಎಂದಳು ಅಕ್ಕ. "ನಿನ್ನ ಇಸ್ಕೂಲಿಗೆ ಕರ್ಕೊಂಡು ಹೋದೋಳಿಗೆ ದಾರಿ ಹೇಳ್ತೀಯಾ?"

ಬಸ್ಸು ಹೊರಟಿತು. ಅವಳು ಕೈ ಬೀಸಿದಳೇ? ಬೀಸಿದ ಹಾಗೆ ನನ್ನ ತಲೆಯಲ್ಲಿ ಚಿತ್ರವಿದೆ. ಆದರೆ ಕಿಟಕಿಯ ಸರಳಿನ ನಡುವೆ ಮುಖ ಇರುವ ಚಿತ್ರವೂ ಅಲ್ಲೇ ಇತ್ತಲ್ಲ. ಡೈರಿ ತೆಗೆದು ನೋಡಿದರೆ ಆ ದಿನ ಬರೆದಿರುವುದು ಒಂದೇ ಸಾಲು: 'ಬಸ್ಸಿನ ಬಣ್ಣ ನೋಡಿಕೊಳ್ಳುವುದನ್ನು ನಾನೇ ಮರೆತೆ.'

ಸಂಜೆಯಾದರೂ ಸುದ್ದಿ ಇರಲಿಲ್ಲ. ನದಿಯ ದಂಡೆಯಲ್ಲಿ ಇನ್ನೊಂದು ದೇಶದ ದೀಪಗಳು ಹತ್ತಿಕೊಳ್ಳುವುದನ್ನು ನೋಡುತ್ತ ಕೂತಿದ್ದೆ. ಎಂಟಕ್ಕೆ ಫೋನು ಗುಂಯ್ ಎಂದಿತು. ಫೋಟೋ. ಅಕ್ಕ ಮಗ್ಗದ ಮುಂದೆ ಕೂತಿದ್ದಾಳೆ, ಪಕ್ಕದಲ್ಲಿ ಲಾನ್. ಇಬ್ಬರೂ ಕ್ಯಾಮೆರಾ ನೋಡುತ್ತಿಲ್ಲ.

ಲಾನ್ ಮನೆ

ಸೋಮವಾರ ನನ್ನ ವೀಸಾ ಬಂತು. ಪತ್ರ ಚೆನ್ನಾಗಿತ್ತು ಎಂದರು ಕನ್ನಡಕದ ಹೆಂಗಸು. ಅಕ್ಕನ ಬಗ್ಗೆ ವಿಚಾರಿಸಿದರು. ಮಂಗಳವಾರ ಮಧ್ಯಾಹ್ನ ನಾನು ಬಸ್ಸು ಹತ್ತಿದೆ. ಗಡಿಯ ಬೆಟ್ಟದ ಮೇಲೆ ಮೋಡ ಇಳಿದಿತ್ತು, ಎರಡು ದೇಶಗಳ ಕಚೇರಿಗಳ ನಡುವಿನ ದಾರಿಯಲ್ಲಿ ಚೀಲ ಹೊತ್ತು ನಡೆದೆ. ನನ್ನ ಹಿಂದೆ ಮುಂದೆ ಹೆಂಗಸರು ಬಾಳೆಗೊನೆ ಹೊತ್ತು, ನಮ್ಮಲ್ಲಿ ಹೊಲದ ಬದು ದಾಟುವಷ್ಟು ಸಲೀಸಾಗಿ ದೇಶ ದಾಟುತ್ತಿದ್ದರು. ಅಲ್ಲಿ ಆಚೆ ಕಡೆ ನಿಂತಿದ್ದ ಮೂರು ಬಸ್ಸುಗಳಲ್ಲಿ ನನ್ನದು ಯಾವುದೆಂದು ಗೊತ್ತಾಗದೆ ಎರಡು ಬಸ್ಸು ತಪ್ಪಾಗಿ ಹತ್ತಿ ಇಳಿದೆ.

ಲಾನ್ ಮನೆ ದಾ ನಾಂಗ್‌ನ ದಕ್ಷಿಣಕ್ಕೆ, ಒಂದು ನದಿಯ ಪಕ್ಕದ ಹಳ್ಳಿಯಲ್ಲಿ. ತಲುಪುವಾಗ ಬುಧವಾರ ಬೆಳಿಗ್ಗೆ. ಮರುದಿನ ನಮ್ಮ ವಿಮಾನ. ಅಂಗಳದಲ್ಲಿ ಹಿಪ್ಪುನೇರಳೆ ಸೊಪ್ಪಿನ ರಾಶಿ. ಕುರ್ಚಿಯಲ್ಲಿ ಕೂತಿದ್ದ ಮುದುಕರು ಲಾನ್‌ಳ ಮಾವ ಇರಬೇಕು, ಗುಣವಾಗಿದ್ದರು. ನನ್ನನ್ನು ನೋಡಿ ಒಳಗೆ ಏನೋ ಕೂಗಿದರು. ಲಾನ್ ಓಡಿ ಬಂದಳು.

"ಎಮ್!" ಎಂದಳು.

ಒಳಗೆ ಮಗ್ಗದ ಮೇಲೆ ಬಟ್ಟೆ ಮುಗಿದಿತ್ತು. ಅಂಚು ತುಂಬ ಕುರಿಗಳು. ನವಿಲಲ್ಲ, ಹಂಸವಲ್ಲ, ಮಾಲೀಕರು ಇಪ್ಪತ್ತೈದು ವರ್ಷ ನೇಯಿಸಿದ ಯಾವುದೂ ಅಲ್ಲ. ಒಂದರ ಹಿಂದೆ ಒಂದು, ತಲೆ ತಗ್ಗಿಸಿ ಹೋಗುವ ಕುರಿಗಳು, ನಡುನಡುವೆ ಒಂದೊಂದು ಮರಿ. ಅರ್ಧದವರೆಗೆ ಲಾವೋಸಿನ ಧೂಳಿಗೆ ಬಣ್ಣ ಒಂದು ಛಾಯೆ ಮಂಕಾಗಿತ್ತು. ಆಮೇಲಿನದು ಹೊಳೆಯುತ್ತಿತ್ತು. ಎರಡೂ ಸೇರಿದ ಗೆರೆ ಬೆರಳಿಗೆ ಸಿಗಲಿಲ್ಲ, ಕಣ್ಣಿಗೆ ಸಿಗುತ್ತಿತ್ತು.

"ಭಾನುವಾರವೇ ಆಯ್ತು" ಎಂದಳು ಅಕ್ಕ. "ಬ್ಯಾರೆ ಹಾಸು ಹಾಕಂಗಿಲ್ಲ, ತಡಿ ಅಂದೆ ಲಾನ್‌ಗೆ. ಮೂರು ದಿನದಿಂದ ಮಗ್ಗ ಸುಮ್ನೆ ನಿಲ್ಸೋಳೆ ಪಾಪ."

"ಕೊಯ್ದು ಕೊಡಬಹುದಿತ್ತಲ್ಲ ಅಕ್ಕ."

"ಯಾರ ಕೈಲಿ ಕೊಯ್ಸಲಿ? ಮನ್ಯಾಗೆ ಚಿಕ್ಕೋರು ಇರ್ಲಿಲ್ಲ."

ಲಾನ್‌ಳ ಇಬ್ಬರು ಹೆಣ್ಣುಮಕ್ಕಳು, ಆರೇಳು ವರ್ಷದವರು, ಬಾಗಿಲಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದರು. ನಾನು ಅವರತ್ತ ಕೈ ತೋರಿಸಿದೆ. ಅಕ್ಕ ಅತ್ತ ನೋಡಲೂ ಇಲ್ಲ. ಹೆಗಲ ಚೀಲ ಇಳಿಸಲೂ ಬಿಡದೆ ಕತ್ತರಿಯನ್ನು ನನ್ನ ಕೈಗಿಟ್ಟಳು.

"ಎಡಗಡೆಯಿಂದ ಶುರು ಮಾಡು" ಎಂದಳು. "ಅಳಬ್ಯಾಡ ಮತ್ತೆ."